ಬೀಜ ನಮ್ಮದು, ಚೀಟಿ ಯಾರದು?

ಬೆಂಗಳೂರಿನ ಕನ್ನಡ ತರುಣ ಗೆಳೆಯರೇ,

ನೀವು ಕುಡಿಯುವ ಕಾಫಿಯ ಚೀಲವನ್ನು ಎಂದಾದರೂ ತಿರುವಿ ನೋಡಿದ್ದೀರಾ? ದರ್ಶಿನಿಯ ಕಾಫಿಯ ಮಾತಲ್ಲ ಇದು. ಇಂದಿರಾನಗರ, ಕೋರಮಂಗಲ, ಜಯನಗರಗಳಲ್ಲಿ ‘ಸ್ಪೆಷಾಲಿಟಿ ಕಾಫಿ’ ಎಂದು ಬೋರ್ಡು ಹಾಕಿಕೊಂಡ ಹೊಸ ನಮೂನೆಯ ಅಂಗಡಿಗಳ ಮಾತು. ಅಲ್ಲಿ ಗೋಡೆಯ ಹಲಗೆಯ ಮೇಲೆ ಕಾಲು ಕಿಲೋದ ಚಂದದ ಚೀಲಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಚೀಲದ ಮೇಲೆ ತೋಟದ ಹೆಸರು, ಬೆಟ್ಟದ ಹೆಸರು, ತೋಟ ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕ, ಗಿಡದ ತಳಿ, ಬೀಜ ಒಣಗಿಸಿದ ಬಗೆ, ಹುರಿದ ತಾರೀಖು, ಎಲ್ಲಾ ಇರುತ್ತದೆ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಕೂಡ ಇಷ್ಟು ವಿವರ ಇರುವುದಿಲ್ಲ! ನಾನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿದ ಹನ್ನೊಂದು ಚೀಲಗಳಲ್ಲಿ ಇಲ್ಲದ್ದು ಒಂದೇ. ಕನ್ನಡದ ಒಂದಕ್ಷರ.

ಇಂಥ ಅಂಗಡಿಗಳಲ್ಲಿ ಮಾರುವ ಕಾಫಿಯ ಹೆಸರುಗಳನ್ನು ಸ್ವಲ್ಪ ಕೇಳಿ. ತೊಗರಿಹಂಕಲ್. ಅತ್ತಿಖಾನೆ. ಕಲ್ಲೇದೇವರಪುರ. ಕೆರೆಹಕ್ಲು. ಇವೇನು ಇಟಲಿಯ ಊರುಗಳೇ? ಮಲೆನಾಡಿನಲ್ಲಿ ‘ಹಕ್ಲು’ ಅಂದರೆ ಕಾಡಿನ ನಡುವೆ ತೆರೆದು ಬಿದ್ದ ಬಯಲು ಜಾಗ. ಕೆರೆಯ ಪಕ್ಕದ ಹಕ್ಲು ಕೆರೆಹಕ್ಲು. ಎಷ್ಟು ಸರಳ, ಎಷ್ಟು ಚಂದ! ಆದರೆ ಇಂಗ್ಲಿಷ್ ಅಕ್ಷರದಲ್ಲಿ ಅದನ್ನು ಓದುವಾಗ ಪಕ್ಕದ ಮೇಜಿನ ಹುಡುಗಿಯ ನಾಲಿಗೆ ಮೂರು ಕಡೆ ಎಡವಿತು. ಆಕೆಯೂ ಕನ್ನಡದವಳೇ, ಫೋನಿನಲ್ಲಿ ತಾಯಿಯ ಜೊತೆ ಅಚ್ಚ ಹಾಸನದ ಕನ್ನಡ ಆಡುತ್ತಿದ್ದಳು. ತಪ್ಪು ಆಕೆಯದಲ್ಲ. ‘ತೊಗರಿ’ ಅನ್ನುವುದನ್ನು ಇಂಗ್ಲಿಷಿನ ಟಿ-ಎಚ್ ಹಾಕಿ ಬರೆದರೆ ಓದುವವರು ‘ಥೋಗರಿ’ ಅಂತಲೇ ಓದುತ್ತಾರೆ. ತೊಗರಿ ಬೆಳೆಯುವ ನಾಡಿನ ನನಗೇ ಅದು ತೊಗರಿ ಎಂದು ಹೊಳೆಯಲಿಕ್ಕೆ ಹೊತ್ತು ಹಿಡಿಯಿತು.

ನಾನು ಯಾರು ಅಂತ ಹೇಳಬೇಕಲ್ಲ. ಅಣ್ಣಿಗೇರಿ ಕಡೆಯವ. ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ಸಿನ ಮಾಲಕ. ಓದು ಪಿಯುಸಿಗೇ ನಿಂತಿತು, ಆಮೇಲೆ ಓದಿದ್ದೆಲ್ಲಾ ಪ್ರೂಫು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಸೊಸೈಟಿಯ ಪಾವತಿ ಪುಸ್ತಕ, ಚುನಾವಣೆ ಬಂದರೆ ಕರಪತ್ರ, ಇವು ನಮ್ಮ ಅನ್ನ. ಅಪ್ಪನ ಕಾಲದ ಟ್ರೆಡಲ್ ಮಶೀನು ಇನ್ನೂ ಮೂಲೆಯಲ್ಲಿದೆ, ಮೊಳೆಗಳ ಪೆಟ್ಟಿಗೆಗಳೂ ಇವೆ. ಈಗ ಕೆಲಸವೆಲ್ಲ ಕಂಪ್ಯೂಟರು ಮತ್ತು ಆಫ್‌ಸೆಟ್. ನಮ್ಮದು ಚಹಾದ ಸೀಮೆ. ಕಪ್ಪು-ಬಸಿ, ಖಡಕ್ ಚಹಾ, ಅದನ್ನು ಬಸಿಗೆ ಹೊಯ್ದು ಊದಿ ಕುಡಿದರೆ ದಿನ ಸುರುವಾಯಿತು. ಕಾಫಿ ಅಂದರೆ ಬೆಂಗಳೂರಿನ ಬೀಗರು ಬಂದಾಗ ಮಾಡುವ ವಸ್ತು. ಹಳೇ ಆಫ್‌ಸೆಟ್ ಮಶೀನೊಂದನ್ನು ನೋಡಲು ಬೆಂಗಳೂರಿಗೆ ಹೋಗಿದ್ದಾಗ ಅಕ್ಕನ ಮಗ ಇಂಥ ಅಂಗಡಿಗಳಿಗೆ ಕರೆದುಕೊಂಡು ಹೋದ. ಎರಡು ದಿನದಲ್ಲಿ ನಾಲ್ಕು ಅಂಗಡಿ ಆಯಿತು.

ಕಾಫಿಯ ಬಗ್ಗೆ ಮೊದಲು ನ್ಯಾಯವಾಗಿ ಹೇಳಿಬಿಡುತ್ತೇನೆ. ಚೆನ್ನಾಗಿತ್ತು. ಹಾಲಿಲ್ಲ, ಸಕ್ಕರೆ ಇಲ್ಲ, ತೆಳ್ಳಗಿನ ಕೆಂಪು ನೀರು, ನೋಡಿದರೆ ಕಷಾಯ ಅನ್ನಬೇಕು. ಗುಟುಕರಿಸಿದರೆ ನೇರಳೆ ಹಣ್ಣಿನ ಒಗರು, ಆಮೇಲೆ ನಾಲಿಗೆಯ ತುದಿಯಲ್ಲಿ ಬೆಲ್ಲದ ಹಾಗೆ ಏನೋ ಒಂದು. ಕಪ್ಪಿಗೆ 280 ರೂಪಾಯಿ. ‘ಲೂಟಿ’ ಅಂತ ಬರೆದರೆ ನಿಮಗೆ ಖುಷಿಯಾದೀತು, ಆದರೆ ನಾನು ಬರೆಯುವುದಿಲ್ಲ. ನಾನೂ ಅಂಗಡಿ ಇಟ್ಟವ. ಲಗ್ನಪತ್ರಿಕೆಯ ಕಾರ್ಡನ್ನು ಕೈಯಲ್ಲಿ ಹಿಡಿದು ‘ಈ ರಟ್ಟಿಗೆ ಎಷ್ಟು ಬೀಳ್ತೈತಿ ಹೇಳ್ರಿ’ ಎಂದು ಕೇಳುವ ಗಿರಾಕಿಗೆ ಕರೆಂಟು, ಪಗಾರ, ಬಾಡಿಗೆ ಕಾಣುವುದಿಲ್ಲ. ಆದರೂ ಲೆಕ್ಕ ಲೆಕ್ಕವೇ. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟಿನ 50 ಕಿಲೋ ಚೀಲದ ಧಾರಣೆ 25 ಸಾವಿರ ದಾಟಿತ್ತು, ಅಂದರೆ ಕಿಲೋಕ್ಕೆ 500 ರೂಪಾಯಿಗಿಂತ ಮೇಲೆ. ಆ ಒಂದು ಕಿಲೋದ ಹೊಟ್ಟು ತೆಗೆದರೆ ಸುಮಾರು 800 ಗ್ರಾಂ ಬೀಜ. ಹುರಿದರೆ ಇನ್ನೂ ಆರನೇ ಒಂದು ಪಾಲು ತೂಕ ಹಾರಿಹೋಗುತ್ತದೆ. ಉಳಿದದ್ದರಲ್ಲಿ ಕಪ್ಪಿಗೆ 18 ಗ್ರಾಂ ಹಾಕಿದರೂ ಮೂವತ್ತಾರು-ಮೂವತ್ತೇಳು ಕಪ್ಪು. ಬೆಳೆದವನ ಪಾಲಿಗೆ ಕಪ್ಪಿಗೆ ಹದಿಮೂರೋ ಹದಿನಾಲ್ಕೋ ರೂಪಾಯಿ. ಇಂಥ ವಿಶೇಷ ಬೀಜಕ್ಕೆ ಹೆಚ್ಚು ಕೊಡುತ್ತಾರೆ, ದುಪ್ಪಟ್ಟು ಅಂತಲೇ ಹಿಡಿಯಿರಿ. ಆಗಲೂ ಮೂವತ್ತು ಮುಟ್ಟುವುದಿಲ್ಲ. ಉಳಿದದ್ದು ಬಾಡಿಗೆಗೆ, ಗಾಜಿನ ಗೋಡೆಗೆ ಮತ್ತು ಆ ಚಂದದ ಮಾತುಗಳಿಗೆ. ಮಾತಿಗೆ ದುಡ್ಡು ಕೊಡುತ್ತೀರಿ ಅಂದಮೇಲೆ ಆ ಮಾತು ಯಾವ ಭಾಷೆಯದು ಅಂತ ಕೇಳಬಾರದೇ?

ಮತ್ತೊಂದು ನ್ಯಾಯದ ಮಾತು. ಈ ಅಂಗಡಿಗಳು ಬೆಳೆಗಾರನ ಹೆಸರನ್ನು ಚೀಲದ ಮೇಲೆ ಹಾಕುತ್ತವೆ. ಇದು ಸಣ್ಣ ಸಂಗತಿಯಲ್ಲ. 1942ರ ಕಾಫಿ ಕಾಯಿದೆ ಬಂದ ಮೇಲೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು. ಕೊಡಗಿನದು, ಚಿಕ್ಕಮಗಳೂರಿನದು, ಸಕಲೇಶಪುರದ್ದು ಎಲ್ಲವೂ ಒಂದೇ ಕಣಜಕ್ಕೆ ಬಿದ್ದು ಬೆರೆಯುತ್ತಿದ್ದವು. ಒಳ್ಳೆಯ ಬೀಜ ಬೆಳೆದವನ ಹೆಸರು ಅಲ್ಲಿಗೇ ಮುಳುಗಿತು. ತೊಂಬತ್ತರ ದಶಕದ ಮೊದಲಲ್ಲಿ ಈ ಕಟ್ಟು ಸಡಿಲವಾಗಿ 1996ರಲ್ಲಿ ಪೂರ್ತಿ ಬಿಚ್ಚಿತು. ಅದೇ ವರ್ಷ ಬ್ರಿಗೇಡ್ ರಸ್ತೆಯಲ್ಲಿ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅವರ ಮೊದಲ ಕಾಫಿ ಡೇ ಬಾಗಿಲು ತೆರೆದದ್ದು. ಹೀಗೆ ಅರ್ಧ ಶತಮಾನ ಅನಾಮಧೇಯವಾಗಿದ್ದ ಬೀಜಕ್ಕೆ ಈಗ ಹೆಸರು ಸಿಕ್ಕಿದೆ, ಆದರೆ ಆ ಹೆಸರು ತನ್ನ ಲಿಪಿಯಲ್ಲಿಲ್ಲ. ನನ್ನ ಹೊಟ್ಟೆ ಉರಿಯುವುದು ಇಲ್ಲಿ.

ಏಕೆಂದರೆ ದೇಶದ ಕಾಫಿಯಲ್ಲಿ ಶೇ. 70ರಷ್ಟು ಬೆಳೆಯುವುದು ಕರ್ನಾಟಕ. ಬಾಬಾ ಬುಡನ್ ಅವರು ಯೆಮನ್ನಿನಿಂದ ಏಳು ಬೀಜ ತಂದರು ಎಂದು ಜನ ಹೇಳಿಕೊಂಡು ಬಂದದ್ದು ನಮ್ಮ ಗಿರಿಯ ಬಗ್ಗೆ. ಮೈಸೂರು ಸರಕಾರ 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಇವತ್ತು ಆ ಚೀಲಗಳ ಮೇಲೆ ಹೆಮ್ಮೆಯಿಂದ ಅಚ್ಚು ಹಾಕುವ ‘ಎಸ್. 795’ ಎಂಬ ತಳಿ ಅಲ್ಲಿಯದೇ ಸಂತಾನ. 2019ರಲ್ಲಿ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು ಮತ್ತು ಕೊಡಗಿನ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು, ನಮ್ಮ ಧಾರವಾಡ ಪೇಡೆಗೆ, ನವಲಗುಂದದ ಜಮಖಾನಕ್ಕೆ, ಬ್ಯಾಡಗಿ ಮೆಣಸಿನಕಾಯಿಗೆ ಸಿಕ್ಕ ಹಾಗೆ. 2023ರ ಸೆಪ್ಟೆಂಬರಿನಲ್ಲಿ ವಿಶ್ವ ಕಾಫಿ ಸಮ್ಮೇಳನ ಮೊದಲ ಸಲ ಏಷ್ಯಾಕ್ಕೆ ಬಂದಾಗ ನಡೆದದ್ದು ಬೆಂಗಳೂರಿನಲ್ಲಿ. ಬೀಜ ನಮ್ಮದು, ಬೆಟ್ಟ ನಮ್ಮದು, ತಳಿ ನಮ್ಮದು, ಅಂಗಡಿ ಇರುವ ಬೀದಿ ನಮ್ಮದು!

ಮೂರನೆಯ ಅಂಗಡಿಯ ಕತೆ ಹೇಳುತ್ತೇನೆ. ಹೆಸರು ಬೇಡ, ಅದೊಂದರದೇ ಕತೆ ಇದಲ್ಲ. ಕೌಂಟರಿನಲ್ಲಿ ಇಪ್ಪತ್ತೆರಡು-ಇಪ್ಪತ್ತಮೂರರ ಹುಡುಗ, ಕರೀ ಏಪ್ರನ್ನು. ಇಂಗ್ಲಿಷಿನಲ್ಲಿ ಬಡಬಡ ಒದರಿದ. ‘ವಾಶ್ಡ್’, ‘ನ್ಯಾಚುರಲ್’, ‘ಹನಿ’ ಅನ್ನುವ ಮೂರು ಶಬ್ದ ಮಾತ್ರ ನನ್ನ ಕಿವಿಗೆ ಬಿದ್ದವು. ಜೇನು ಹಾಕ್ತೀರೇನಪಾ ಅಂದೆ ಕನ್ನಡದಲ್ಲಿ. ಅವನ ಮುಖ ಬದಲಾಯಿತು.

‘ಯಾ ಊರ್ರೀ ನಿಮ್ಮದು?’

‘ಅಣ್ಣಿಗೇರಿ. ನಿಂದು?’

‘ಕುಂದಗೋಳ ತಾಲೂಕ್ರೀ ಕಾಕಾ!’

ಆಮೇಲೆ ಅವನು ಹೇಳಿದ ಪಾಠ ಕೇಳಿ. ‘ಜೇನು ಗೀನು ಏನಿಲ್ರೀ ಕಾಕಾ. ಹಣ್ಣಿನ ಸಿಪ್ಪಿ ತಗದು, ಮ್ಯಾಲಿನ ಅಂಟು ಹಂಗ ಬಿಟ್ಟು ಒಣಗಸ್ತಾರ. ಅದು ಜೇನಿನಗತೆ ಕೈಗೆ ಹತ್ತತೈತಿ, ಅದಕ್ಕ ಆ ಹೆಸರು. ಅಂಟು ಪೂರಾ ತೊಳದು ಒಣಗಿಸಿದ್ರ ವಾಶ್ಡ್. ಸಿಪ್ಪಿ ಸೈತ ತಗೀದ ಇಡೀ ಹಣ್ಣ ಒಣಗಿಸಿದ್ರ ನ್ಯಾಚುರಲ್. ನಾವು ಕಣದಾಗ ಮೆಣಸಿನಕಾಯಿ ಹರವಿ ಒಣಗಸಂಗಿಲ್ಲೇನ್ರೀ, ಥೇಟ್ ಹಂಗ. ದಿನಾ ಕೈಯಾಡಸ್ಬೇಕು, ಇಲ್ಲಂದ್ರ ಬೂಸಲು ಬರತೈತಿ.’

ಎರಡು ನಿಮಿಷ ಹಿಡಿಯಿತು, ಅಷ್ಟೇ. ಇಂಗ್ಲಿಷಿನಲ್ಲಿ ಅರ್ಧ ತಾಸು ಹೇಳಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಕುಂದಗೋಳದ ಮೆಣಸಿನಕಾಯಿ ಕಣದಲ್ಲಿ ಬೆಳೆದ ಹುಡುಗನಿಗೆ ಕಾಫಿಯ ಕಣ ಅರ್ಥವಾಗಿತ್ತು. ಅದನ್ನು ಹೇಳುವ ಭಾಷೆಯೂ ಅವನಲ್ಲಿತ್ತು, ಆದರೆ ಅದನ್ನು ಹೊರಗೆ ತೆಗೆಯುವ ಹುಕುಂ ಇರಲಿಲ್ಲ. ‘ಮತ್ತ ಮೊದಲ ಯಾಕ ಇಂಗ್ಲಿಷ್?’ ಅಂದೆ. ‘ಟ್ರೇನಿಂಗ್‌ದಾಗ ಹಂಗ ಕಲಿಸ್ಯಾರ್ರೀ,’ ಅಂದ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. ಗೆಳೆಯರೇ, ಈ ಇಡೀ ಬರಹ ಬರೆದದ್ದು ಆ ಮಾತಿಗಾಗಿ:

‘ದಿನಾ ಬರೋ ಹುಡುಗ್ರು ಅದಾರ್ರೀ ಕಾಕಾ. ಮೇಜಿನ್ಯಾಗ ಕುಂತು ತಮ್ಮತಮ್ಮೊಳಗ ಕನ್ನಡ ಮಾತಾಡ್ತಾರ. ಕೌಂಟರಿಗೆ ಬಂದ ಕೂಡ್ಲೇ ಇಂಗ್ಲಿಷ್. ನಾ ಏನ ಮಾಡ್ಲಿ?’

ಆ ಹುಡುಗರು ಯಾರು? ನೀವೇ ಅಲ್ಲವೇ? ಈ ಪತ್ರಿಕೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುವ, ನವೆಂಬರ್ ಬಂದರೆ ಹಳದಿ-ಕೆಂಪು ಶಲ್ಯ ಹೊದೆಯುವ ನೀವೇ! ಕೌಂಟರಿನ ಆಚೆ ಕನ್ನಡಿಗ, ಈಚೆ ಕನ್ನಡಿಗ, ನಡುವೆ ಇಬ್ಬರದೂ ಅಲ್ಲದ ಭಾಷೆ. ಆ ಹುಡುಗ ನೌಕರಿಗಾಗಿ ಆಡುತ್ತಾನೆ, ತಿಂಗಳ ಕೊನೆಗೆ ಮನೆಗೆ ಹಣ ಕಳಿಸಬೇಕು. ನಿಮಗೆ ಯಾವ ಒತ್ತಾಯವಿತ್ತು? 280 ರೂಪಾಯಿ ಕೊಡುವ ಗಿರಾಕಿ ಯಾವ ಭಾಷೆಯಲ್ಲಿ ಕೇಳಿದರೂ ಅಂಗಡಿಯವನು ತಲೆಬಾಗಿ ಕೊಡುತ್ತಾನೆ.

ನಮ್ಮ ಧಾರವಾಡದವರಿಗೆ ಈ ರೋಗ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕಚೇರಿಯ ದಫ್ತರ ಮರಾಠಿ, ಶಾಲೆಯ ಪಾಠ ಮರಾಠಿ, ದೊಡ್ಡವರ ಮಾತೂ ಮರಾಠಿ. ಮನೆಯಲ್ಲಿ ಕನ್ನಡ ಆಡುವವರೂ ಬೀದಿಗೆ ಬಂದರೆ ಮರಾಠಿಯಲ್ಲಿ ದೊಡ್ಡಸ್ತಿಕೆ ತೋರಿಸುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಶಾಲೆಗಳನ್ನು ತೆರೆಸಿದರು. 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅವರು ಕಲ್ಲೆಸೆಯಲಿಲ್ಲ, ಪುಸ್ತಕ ಬರೆಸಿ ಅಚ್ಚು ಹಾಕಿಸಿದರು. (ಅಚ್ಚಿನವನಾದ ನನಗೆ ಈ ಮಾತಿನಲ್ಲಿ ಸ್ವಲ್ಪ ಸ್ವಾರ್ಥವಿದೆ ಅಂದುಕೊಂಡರೂ ಅಡ್ಡಿಯಿಲ್ಲ.)

ಬೋರ್ಡಿನ ಹೋರಾಟ ಬೇಡವೆಂದಲ್ಲ. 2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಆದದ್ದನ್ನು ನೀವು ಕಂಡಿದ್ದೀರಿ, ಕೆಲವರು ಅದರಲ್ಲಿ ಇದ್ದವರೂ ಇರಬಹುದು. ಅದರ ಬೆನ್ನಿಗೇ 2024ರಲ್ಲಿ ಕಾನೂನು ತಿದ್ದುಪಡಿಯಾಗಿ ನಾಮಫಲಕದಲ್ಲಿ ಶೇ. 60 ಕನ್ನಡ ಕಡ್ಡಾಯವಾಯಿತು. ಸರಿ, ಬೋರ್ಡು ಬಂತು. ಎಂಥ ಬೋರ್ಡು? ನಾಲ್ಕು ಅಂಗಡಿಗಳಲ್ಲಿ ಮೂರರ ಬೋರ್ಡಿನಲ್ಲಿ ಇಂಗ್ಲಿಷ್ ಶಬ್ದಗಳನ್ನೇ ಕನ್ನಡ ಅಕ್ಷರದಲ್ಲಿ ಕೊರೆದಿದ್ದರು. ಒಂದರಲ್ಲಿ ‘ಫಿ’ಯ ಹೊಟ್ಟೆ ಸೀಳುವುದನ್ನು ಮರೆತು ‘ಕಾಪಿ’ ಆಗಿತ್ತು. ಹಳೇ ಬೆಂಗಳೂರಿನವರು ಕಾಪಿ ಅಂತಲೇ ಅನ್ನುತ್ತಾರೆ, ಹಾಗಾಗಿ ಅದೊಂದನ್ನು ಮಾಫಿ ಮಾಡಬಹುದು. ಇನ್ನೊಂದರಲ್ಲಿ ಒತ್ತಕ್ಷರಗಳ ಕಾಲೇ ಕತ್ತರಿಸಿಹೋಗಿತ್ತು, ಇಂಗ್ಲಿಷಿನ ಅಳತೆಗೆ ಸಾಲು ಕೊಯ್ದು ಕನ್ನಡ ತುರುಕಿದರೆ ಹಾಗೇ ಆಗುವುದು. ಇಂಗ್ಲಿಷಿಗೆ ಸಾಲಿನ ಕೆಳಗೆ ಜಾಗ ಹೆಚ್ಚು ಬೇಡ. ನಮ್ಮ ಅಕ್ಷರಕ್ಕೆ ಬೇಕು, ಒತ್ತು ಕೂಡಬೇಕಲ್ಲ!

ಬಾಗಿಲು ದಾಟಿ ಒಳಗೆ ಹೋದರೆ ಆ ಶೇ. 60 ಶೇ. 0 ಆಗುತ್ತದೆ. ದರಪಟ್ಟಿಯಲ್ಲಿ, ಚೀಲದಲ್ಲಿ, ಬಿಲ್ಲಿನಲ್ಲಿ, ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆದ ಇವತ್ತಿನ ವಿಶೇಷದಲ್ಲಿ, ಎಲ್ಲಿಯೂ ಇಲ್ಲ. ಚೀಲದ ವಿಷಯಕ್ಕೆ ಬಂದರೆ ದಿಲ್ಲಿಯ ನಿಯಮವೇ ಹಾಗಿದೆ. ಪೊಟ್ಟಣದ ಸರಕಿನ ಮೇಲೆ ಕಡ್ಡಾಯ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು, ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಿ ಎಂಬ ಧರ್ಮ. ಅಂದರೆ ಕರ್ನಾಟಕದಲ್ಲಿ ಬೆಳೆದು, ಕರ್ನಾಟಕದಲ್ಲಿ ಹುರಿದು, ಕರ್ನಾಟಕದಲ್ಲಿ ಮಾರುವ ಬೀಜಕ್ಕೂ ಕನ್ನಡ ‘ಬೇಕಾದರೆ’! ಇದಕ್ಕೆ ಉತ್ತರವಾಗಿ ನಮ್ಮ ರಾಜ್ಯ ಮಾಡಿದ ಕಾನೂನು ಇದೆ. 2024ರಲ್ಲಿ ಜಾರಿಗೆ ಬಂದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಆಧಾರದ ಮೇಲೆ, ಇಲ್ಲಿ ತಯಾರಾಗಿ ಇಲ್ಲಿ ಮಾರುವ ವಸ್ತುಗಳ ಮೇಲೆ ಹೆಸರು, ಬಳಸುವ ವಿವರ ಕನ್ನಡದಲ್ಲಿಯೂ ಇರಬೇಕೆಂದು 2025ರ ಆರಂಭದಲ್ಲಿ ಸರಕಾರ ಸೂಚನೆ ಕೊಟ್ಟಿತು. ಕಾಗದದ ಮೇಲೆ ಕನ್ನಡ ಗೆದ್ದಿದೆ. ಚೀಲದ ಮೇಲೆ ನಾನಂತೂ ಕಾಣಲಿಲ್ಲ.

‘ಕನ್ನಡದಲ್ಲಿ ಈ ಶಬ್ದಗಳೇ ಇಲ್ಲ ಅಂಕಲ್’ ಅಂತ ಅಕ್ಕನ ಮಗ ವಾದಿಸಿದ. (ಮಾಮಾ ಅನ್ನುತ್ತಿದ್ದವ ಬೆಂಗಳೂರಿಗೆ ಬಂದು ಅಂಕಲ್ ಅನ್ನುತ್ತಾನೆ. ಇರಲಿ.) ಇಲ್ಲ ಅಂತ ಹೇಳಿದವರು ಯಾರು? ಮಲೆನಾಡಿನ ತೋಟಕ್ಕೆ ಹೋಗಿ ಕೇಳಿರಿ. ಹೂಮಳೆ ಎಂಬ ಶಬ್ದವಿದೆ, ಬೇಸಿಗೆಯಲ್ಲಿ ಬಿದ್ದು ಕಾಫಿ ಗಿಡವನ್ನು ಹೂ ಬಿಡಿಸುವ ಮಳೆ ಅದು. ಅಷ್ಟು ಚಂದದ ಶಬ್ದ ಯಾವ ದರಪಟ್ಟಿಯಲ್ಲಿದೆ? ನೆರಳುಮರ ಇದೆ, ಕಾಂಡಕೊರಕ ಇದೆ, ಕೊಯ್ಲು ಇದೆ, ಕಣ ಇದೆ. ಕನ್ನಡ ಪತ್ರಿಕೆಗಳ ಧಾರಣೆಯ ಅಂಕಣದಲ್ಲಿ ಪಾರ್ಚ್‌ಮೆಂಟು, ಚೆರ್ರಿ ಅನ್ನುವುವೂ ಕನ್ನಡವಾಗಿಹೋಗಿವೆ, ಅವನ್ನೂ ಬಿಡಬೇಕಾಗಿಲ್ಲ. ‘ವಾಶ್ಡ್’ಗೆ ‘ತೊಳೆದದ್ದು’ ಅನ್ನಿ. ‘ನ್ಯಾಚುರಲ್’ಗೆ ‘ಹಣ್ಣಿನಲ್ಲೇ ಒಣಗಿದ್ದು’, ‘ಹನಿ’ಗೆ ‘ಅಂಟಿನಲ್ಲೇ ಒಣಗಿದ್ದು’. ಕುಂದಗೋಳದ ಹುಡುಗ ಹೇಳಿದ್ದೇ ಇದು, ಇದಕ್ಕೆ ಪಂಡಿತರ ಸಮಿತಿ ಬೇಡ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಕನ್ನಡದಲ್ಲಿ ಬರೆದರು, ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಬರಬೇಕೆಂದು ತಲೆಕೆಡಿಸಿಕೊಂಡರು. ತೋಟದಲ್ಲಿ ಇಲ್ಲದ ಬಡತನ ಕನ್ನಡಕ್ಕೆ ಕೋರಮಂಗಲದಲ್ಲಿ ಎಲ್ಲಿಂದ ಬಂತು?

ಇನ್ನು ರುಚಿಯ ಮಾತು. ‘ಸ್ಪೆಷಾಲಿಟಿ’ ಎಂಬ ಹೆಸರು ಸುಮ್ಮನೆ ಬರುವುದಿಲ್ಲ. ಬಲ್ಲವರು ಕುಡಿದು ನೋಡಿ 100ಕ್ಕೆ ಅಂಕ ಹಾಕುತ್ತಾರೆ, 80 ಮತ್ತು ಅದಕ್ಕಿಂತ ಮೇಲೆ ಬಂದದ್ದಕ್ಕೆ ಮಾತ್ರ ಆ ಹೆಸರು. ಆ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಕಾಫಿ ಮಂಡಳಿಯಲ್ಲಿ ವರ್ಷಗಟ್ಟಲೆ ರುಚಿ ನೋಡಿ ಪಳಗಿ, ಆಮೇಲೆ ಬೆಂಗಳೂರಿನಲ್ಲೇ ಕಾಫಿಲ್ಯಾಬ್ ಕಟ್ಟಿದ ಸುನಾಲಿನಿ ಮೆನನ್ ಅವರ ಹೆಸರು ಕಾಫಿಯ ಜಗತ್ತಿಗೇ ಗೊತ್ತು. ಆದರೆ ರುಚಿ ಹೇಳುವ ಶಬ್ದಗಳನ್ನು ಚಕ್ರದಂತೆ ಬರೆದ ಒಂದು ಪಟ ಅಮೆರಿಕದಿಂದ ಬಂದಿದೆ, 1995ರದು, 2016ರಲ್ಲಿ ತಿದ್ದಿದ್ದು. ಅದನ್ನೇ ನೋಡಿ ಇಲ್ಲಿ ‘ಬ್ಲೂಬೆರಿ’, ‘ಮೇಪಲ್’ ಎಂದು ಅಚ್ಚು ಹಾಕುತ್ತಾರೆ. ನೀವು ಎಷ್ಟು ಜನ ಬ್ಲೂಬೆರಿ ತಿಂದು ಬೆಳೆದಿದ್ದೀರಿ? ನೇರಳೆ, ಕವಳಿಹಣ್ಣು, ಬಾರಿಹಣ್ಣು, ಹುಣಸೆ, ಗಾಣದ ಹೊಸಾ ಬೆಲ್ಲ ಎಂದು ಬರೆದು ನೋಡಿ, ಓದುವಾಗಲೇ ಬಾಯಲ್ಲಿ ನೀರು ಬರುತ್ತದೆ. ವ್ಯಾಪಾರದ ದೃಷ್ಟಿಯಿಂದಲೂ ಇದೇ ಜಾಣತನ.

ಅಂಗಡಿಯವರು ಹೇಳುವ ಇನ್ನೊಂದು ನೆಪ ಅಚ್ಚಿನ ಕಷ್ಟ. ಇದನ್ನು ನನ್ನ ಮುಂದೆ ಹೇಳಬಾರದಿತ್ತು! ಒಂದು ಅಂಗಡಿಯ ಮ್ಯಾನೇಜರು ‘ಕನ್ನಡ ಹಾಕಿದರೆ ಡಿಸೈನಿನಲ್ಲಿ ಅಕ್ಷರ ಒಡೆಯುತ್ತದೆ ಸರ್’ ಅಂದ. ಒಡೆಯುತ್ತದೆ, ನಿಜ. ನುಡಿ, ಬರಹಗಳ ಹಳೇ ಪದ್ಧತಿಯಲ್ಲಿ ಟೈಪು ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷಿನ ಚಿತ್ರಾನ್ನ ಬರುತ್ತದೆ. ಯೂನಿಕೋಡಿನಲ್ಲಿ ಟೈಪು ಮಾಡಿ ಭಾರತೀಯ ಲಿಪಿಗೆ ಹೊಂದಿಸದ ಡಿಸೈನ್ ತಂತ್ರಾಂಶಕ್ಕೆ ಹಾಕಿದರೆ ಒತ್ತು ಬೇರೆ, ಅಕ್ಷರ ಬೇರೆಯಾಗಿ ಬೀಳುತ್ತವೆ, ಅರ್ಕಾವೊತ್ತು ಎಲ್ಲೋ ಹೋಗಿ ಕೂಡುತ್ತದೆ. ತಂತ್ರಾಂಶದ ಸೆಟ್ಟಿಂಗಿನಲ್ಲಿ ಒಂದು ಆಯ್ಕೆ ಬದಲಿಸಿದರೆ ಮುಗಿಯುವ ಕೆಲಸ ಇದು, ಅಣ್ಣಿಗೇರಿಯ ನನ್ನ ಡಿಟಿಪಿ ಹುಡುಗಿಗೂ ಗೊತ್ತು. ಚೀನೀ, ಅರಬ್ಬಿ ಲಿಪಿಗಳಲ್ಲಿ ಚೀಲ ಅಚ್ಚಾಗುವ ಜಗತ್ತಿನಲ್ಲಿ ಕನ್ನಡಕ್ಕೆ ಮಾತ್ರ ಮಶೀನು ಕೆಡುತ್ತದೆಯೇ? ಶಾಯಿಗೆ ಭಾಷೆ ಗೊತ್ತಿಲ್ಲ. ಕಾಗದ ಅಷ್ಟೇ, ಪ್ಲೇಟು ಅಷ್ಟೇ, ದರ ಅಷ್ಟೇ.

ಆದ್ದರಿಂದ ಗೆಳೆಯರೇ, ನಾಳೆ ಅಲ್ಲಿಗೆ ಹೋದಾಗ ಕೌಂಟರಿನಲ್ಲಿ ಕನ್ನಡದಲ್ಲಿ ಕೇಳಿ. ಆಚೆಯವರಿಗೆ ಕನ್ನಡ ಬಾರದಿದ್ದರೆ ಸಿಟ್ಟಾಗಬೇಡಿ, ಕೈ ಎತ್ತಲೇಬೇಡಿ. ಅಸ್ಸಾಮಿನಿಂದ ಬಂದ ಹುಡುಗ ನಿಮ್ಮ ಶತ್ರುವಲ್ಲ, ಅವನಿಗೆ ‘ಒಂದು ಕಾಫಿ ಕೊಡಿ’ ಅನ್ನುವ ಮೂರು ಶಬ್ದ ಕಲಿಸಿ. ಕೇಳಬೇಕಾದದ್ದು ಮಾಲಕನನ್ನು: ನಿಮ್ಮ ದರಪಟ್ಟಿ ಕನ್ನಡದಲ್ಲಿ ಯಾಕಿಲ್ಲ? ಒಬ್ಬರು ಕೇಳಿದರೆ ನಗುತ್ತಾರೆ. ಹತ್ತು ಜನ, ಹತ್ತು ದಿನ, ಕಾಫಿಗೆ ದುಡ್ಡು ಕೊಟ್ಟ ಮೇಲೆ ಬಿಲ್ಲು ಕೈಯಲ್ಲಿ ಹಿಡಿದು ಕೇಳಿದರೆ ಅಂಗಡಿಯವನಿಗೆ ಅದು ವ್ಯಾಪಾರದ ಮಾತಾಗುತ್ತದೆ. ನಿಮ್ಮಲ್ಲಿ ಡಿಸೈನ್ ಕಲಿತವರು ಬೇಕಾದಷ್ಟು ಜನ ಇದ್ದೀರಿ. ಒಂದು ಚೀಲದ ಮಾದರಿ ಮಾಡಿ ತೋಟದವರಿಗೇ ನೇರವಾಗಿ ಕಳಿಸಿ, ತಮ್ಮ ಊರಿನ ಹೆಸರು ಸರಿಯಾಗಿ ಕಂಡರೆ ಅವರು ಬೇಡ ಅನ್ನಲಾರರು.

ಮೂರನೆಯ ಅಂಗಡಿಯ ದರಪಟ್ಟಿಯ ಫೋಟೋ ಹೊಡೆದುಕೊಂಡು ಬಂದಿದ್ದೆ. ಊರಿಗೆ ಬಂದು ಒಂದು ಸಂಜೆ ಕೂತು ಕನ್ನಡದಲ್ಲಿ ಕಂಪೋಜು ಮಾಡಿಸಿದೆ. ಎ-5 ಅಳತೆ, ಆರ್ಟ್ ಕಾರ್ಡು, ಎರಡು ಬದಿ. ಇಪ್ಪತ್ಮೂರು ಸಾಲು ಬಂತು, ಒಂದು ಒತ್ತೂ ಒಡೆದಿಲ್ಲ. ‘ಪೋರ್ ಓವರ್’ಗೆ ಏನು ಹಾಕಬೇಕೋ ತಿಳಿಯದೆ ‘ಸೋಸಿದ ಕಾಫಿ, ಕೈಯಿಂದ ನೀರು ಹೊಯ್ದು’ ಎಂದು ಹಾಕಿದ್ದೇನೆ. ಕುಂದಗೋಳದ ಹುಡುಗನಿಗೆ ಪ್ರೂಫು ಕಳಿಸಿದ್ದೇನೆ. ಅವನು ಎರಡು ಕಡೆ ತಿದ್ದಿದ್ದಾನೆ.